ರಕ್ತಕ್ಕೆ ಪಾಠ ಹೇಳಿಸಲು ಮುಂಬೈಗೆ

ಮುಂಬೈಯ ಆಸ್ಪತ್ರೆಯಲ್ಲಿ ಒಂದು ಯಂತ್ರ ನನ್ನ ಗಂಡನ ಒಂದು ಕೈಯಿಂದ ರಕ್ತ ಎಳೆದುಕೊಂಡು ಇನ್ನೊಂದು ಕೈಗೆ ಮರಳಿಸುತ್ತಿತ್ತು. ನಡುವೆ, ರೋಗದೊಡನೆ ಹೋರಾಡುವ ಬಿಳಿ ಕಣಗಳನ್ನಷ್ಟೇ ತೆಗೆದಿಟ್ಟುಕೊಳ್ಳುತ್ತಿತ್ತು. ಅವನ್ನು ಪ್ರಯೋಗಾಲಯಕ್ಕೆ ಒಯ್ದು, ಕ್ಯಾನ್ಸರಿನ ಗುರುತು ಹಿಡಿಯುವಂತೆ ಬದಲಿಸಿ, ಮತ್ತೆ ಮೈಗೆ ಬಿಡುತ್ತಾರಂತೆ. ನಮ್ಮೂರು ಶಲವಡಿಯಲ್ಲಿ ಟೇಲರ್ ಆಗಿದ್ದ ಇವರು ಅದನ್ನು ಕೇಳಿ, "ಅಂದ್ರ ಬಿಚ್ಚಿ ಹೊಲಿಯೂದು ಅನ್ರಿ," ಎಂದರು. ಡಾಕ್ಟರಿಗೆ ಕನ್ನಡ ಬಾರದು. ನಾನೊಬ್ಬಳೇ ನಕ್ಕೆ.

ಕೀಮೋ ಫಲ ಕೊಡದೆ ಹೋದ ಮೇಲೆ ಉಳಿದಿದ್ದು ಇದೊಂದೇ ದಾರಿ. ಆಸ್ಪತ್ರೆಯ ಹಿಂದಿನ ಚಾಳಿನಲ್ಲಿ ಕೋಣೆ ಹಿಡಿದೆವು. ಚಾಳು ಎಂದರೆ ಒಂದೇ ಪಡಸಾಲೆಗೆ ಸಾಲಾಗಿ ಬಾಗಿಲು ತೆರೆಯುವ ಕೋಣೆಗಳು. ಊರಲ್ಲಿ ಹಿತ್ತಲು ದಾಟಿದರೆ ಕಣ್ಣು ಹರಿಯುವಷ್ಟು ದೂರ ಎರೆಹೊಲ. ಇಲ್ಲಿ ಕಿಟಕಿಗೆ ಅಂಟಿದಂತೆ ಇನ್ನೊಂದು ಗೋಡೆ. ಅಲ್ಲಿ ಎದುರಾದವರು "ಊಟ ಆತೇನ್ರಿ" ಎನ್ನುತ್ತಾರೆ. ಇಲ್ಲಿ "ಕೌಂಟ್ ಕಿತಿ" ಎನ್ನುತ್ತಾರೆ, ರಕ್ತದಲ್ಲಿ ಕಣ ಎಷ್ಟಾದವು ಎಂದು. ಎಲ್ಲ ಕೋಣೆಗಳಲ್ಲೂ ರೋಗಿಗಳೇ.

ಪಕ್ಕದ ಕೋಣೆಯ ಮಂಗಲಾತಾಯಿ ಮಗಳ ಚಿಕಿತ್ಸೆಗೆ ಬಂದವರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಜೋಳ ಬೀಸುವ ಗಿರಣಿ ತೋರಿಸಿದವರು ಅವರೇ. ನನ್ನ ರೊಟ್ಟಿ ಬಿರಿಯದೆ ಉಬ್ಬಿದ ದಿನ ಇಬ್ಬರೂ ಹಿಗ್ಗಿದೆವು. ಇವರಿಗೆ ಮಾತ್ರ, ಸೋಂಕಿನ ಭಯಕ್ಕೆ, ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಮುಟ್ಟುವಂತಿರಲಿಲ್ಲ.

ಬದಲಿಸಿದ ಕಣಗಳನ್ನು ಮೈಗೆ ಬಿಟ್ಟ ಮೇಲೆ ಜ್ವರ ಏರಿತು. ಈ ಚಿಕಿತ್ಸೆ ಮಿದುಳಿಗೂ ತಾಗಬಹುದಂತೆ. ಬುದ್ಧಿ ನೆಟ್ಟಗಿದೆಯೇ ಎಂದು ತಿಳಿಯಲು ನರ್ಸ್ ದಿನಾ ಒಂದು ವಾಕ್ಯ ಬರೆಸುತ್ತಿದ್ದಳು. "ಶಲವಡಿ ನಮ್ಮ ಊರು" ಎಂದು ಇವರು ಬರೆಯುತ್ತಿದ್ದರು. ಓದಿ ಸರಿಯಿದೆ ಎಂದು ಹೇಳುವುದು ನನ್ನ ಕೆಲಸ. ಒಂದು ದಿನ ಹಾಳೆಯ ತುಂಬ ಬರೀ ಶ, ಶ, ಶ. ಸರಿಯಿಲ್ಲ ಎಂದು ತಲೆ ಅಲ್ಲಾಡಿಸಿದೆ. ನರ್ಸ್ ಡಾಕ್ಟರನ್ನು ಕರೆಯಲು ಓಡಿದಳು.

ಆ ಗಂಡಾಂತರದಿಂದ ಪಾರಾದರು. ಕ್ಯಾನ್ಸರಿನ ಗಡ್ಡೆಗಳೂ ಕರಗಿದವು. ಮಂಗಲಾತಾಯಿ ಪಡಸಾಲೆಯಲ್ಲೆಲ್ಲ ಪೇಢೆ ಹಂಚಿದರು. ಆದರೆ ಮಳೆಗಾಲ ಮುಗಿಯುವುದರೊಳಗೆ ಗಡ್ಡೆಗಳು ಮರಳಿ ಬಂದವು. "ಇನ್ನು ಊರಿಗೆ ಕರೆದೊಯ್ಯಿರಿ," ಎಂದು ಡಾಕ್ಟರು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು.

"ಊರಿಗೆ ಹೋಗೂಣೇನ್ರಿ?" ಎಂದು ಇವರನ್ನು ಕೇಳಿದೆ.

"ಬ್ಯಾಡ. ಅಲ್ಲಿ ಎಲ್ಲಾರೂ ನನ್ನ ನೋಡಾಕ ಬರ್ತಾರ. ಇಲ್ಲಿ ನಾನೂ ಎಲ್ಲಾರ ಹಂಗ ಅದೀನಿ."

ಊರಿನಿಂದ ಭಾವ ಫೋನು ಮಾಡಿ, "ಗಾಡಿ ತಗೊಂಡು ಬರ್ಲೇನವಾ?" ಎಂದಾಗ, "ಸ್ವಲ್ಪ ತಡೀರಿ," ಎಂದೆ. ಊರಿಗೆ ಹೋದರೆ ಎಲ್ಲ ಮುಗಿಯಿತೆಂದು ಒಪ್ಪಿಕೊಂಡಂತೆ. ಇಲ್ಲೇ ಉಳಿದರೆ, ಇವರ ಕೊನೆಯ ಮಾತು ನನ್ನ ಹೊರತು ಯಾರಿಗೂ ತಿಳಿಯದು.

ನಿನ್ನೆ ಚೀಲ ತುಂಬಿಟ್ಟೆ. ಇವತ್ತು ಇವರಿಗೆ ಬದಲಿಸಲು ಅಂಗಿ ಬೇಕಾಯಿತು, ಎಲ್ಲವನ್ನೂ ಮತ್ತೆ ಹೊರಗೆ ತೆಗೆದೆ.