ಜೂನ್ ಒಂದರ ನಳಿನಿ

ಬೆಳಗಿನ ಆರು ಗಂಟೆ. ಅಹಮದಾಬಾದಿನ ನರೋಡಾದಲ್ಲಿರುವ ಬಣ್ಣದ ಕಾರ್ಖಾನೆಯಲ್ಲಿ ಇನ್ನೂ ಸೈರನ್ ಆಗಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಎ.ಸಿ. ಕೋಣೆಯಲ್ಲಿ ಶಾಲು ಹೊದ್ದು ಕೂತ ನಳಿನಿ ಕುಲಕರ್ಣಿ ಕಂಪ್ಯೂಟರಿಗೆ ದಿನದ ಮೊದಲ ಪ್ರಶ್ನೆ ಹಾಕುತ್ತಾರೆ: ನಮ್ಮವರು ಹುಟ್ಟಿದ ತಾರೀಖುಗಳು ಯಾವುವು? ಪ್ರಿಂಟರ್ ಕರಕರ ಎನ್ನುತ್ತ ಉತ್ತರ ಕೊಡುತ್ತದೆ. ಆ ಕಾಗದ ನೋಡಿಯೇ ಕ್ಯಾಂಟೀನಿನಲ್ಲಿ ಕೇಸರಿಬಾತಿಗೆ ರವೆ ಹುರಿಯುತ್ತಾರೆ.

ಹುಟ್ಟುಹಬ್ಬದವರ ಹೆಸರು ಕೂಗಿ ಸಿಹಿ ಕೊಡುವುದು ಇಲ್ಲಿಯ ಪದ್ಧತಿ. ಅಡುಗೆಗೆ ತಾರೀಖು ಸಾಕು. ಹೆಸರುಗಳು ಊಟದ ಹೊತ್ತಿಗೆ ಕಚೇರಿಯಿಂದ ಬರುತ್ತವೆ.

ಹುಬ್ಬಳ್ಳಿಯ ನಳಿನಿ ರೈಲ್ವೆ ನೌಕರ ಗಂಡನ ವರ್ಗಾವಣೆಯಿಂದಾಗಿ ೧೯೯೨ರಲ್ಲಿ ಅಹಮದಾಬಾದಿಗೆ ಬಂದವರು. ಟೈಪಿಂಗ್ ಬರುತ್ತದೆ ಎಂದದ್ದಕ್ಕೆ ಕಂಪ್ಯೂಟರಿನ ಮುಂದೆ ಕೂರಿಸಿದರು. ತಾರೀಖುಗಳು ಅವರನ್ನು ಚೆನ್ನಾಗಿಯೇ ಗೋಳು ಹೊಯ್ದುಕೊಂಡವು. ದಿನ ಮುಂದೆ, ತಿಂಗಳು ಹಿಂದೆ ಇದ್ದುದರಿಂದ ಯಂತ್ರ ಎಲ್ಲ ತಿಂಗಳ ಒಂದನೇ ತಾರೀಖುಗಳನ್ನೂ ಒಟ್ಟಿಗೆ ತಂದು ಮೇಲೆ ಕೂರಿಸಿತು. ನಳಿನಿ ತಿಂಗಳನ್ನು ಮುಂದಕ್ಕೆ ತಂದರು. ಒಂದೇ ತಾರೀಖು ನಾಲ್ಕಾರು ಸಲ ಬಂದಾಗ ಇಸವಿ ಕಿತ್ತುಹಾಕಿ, ಪ್ರತಿಯೊಂದೂ ಒಂದೇ ಸಲ ಬರುವಂತೆ ಮಾಡಿದರು. ಜೂನ್ ಒಂದು ಬರುವ ತನಕ ಎಲ್ಲರೂ ಭೇಷ್ ಎಂದರು.

ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ ಒಂದು ಬರೆದುಬಿಡುವ ಮಾಸ್ತರರು ಹುಬ್ಬಳ್ಳಿಯಲ್ಲಷ್ಟೇ ಅಲ್ಲ, ಗುಜರಾತಿನಲ್ಲೂ ಇದ್ದರು. ಪಟ್ಟಿಯಲ್ಲಿ ಒಂದೇ ಸಾಲು ಕಂಡ ಕ್ಯಾಂಟೀನಿನ ಗಣಪತಿ, ಕುಂದಾಪುರದವರು, ಸಣ್ಣ ಪಾತ್ರೆ ಇಟ್ಟರು. ಮಧ್ಯಾಹ್ನ ಅರ್ಧ ಕಾರ್ಖಾನೆ ಸಿಹಿಗೆ ಬಂದು ನಿಂತಿತು.

"ನಾ ಕಿಟ್ಕಿ ಹಾಕ್ಕಂಡ್ ಒಳ್ಗ್ ಕೂಕಂಡೆ ಮಾರಾಯ್ರೆ" ಎನ್ನುತ್ತಾರೆ ಗಣಪತಿ.

ಈಗ ತಾರೀಖಿನ ಪಕ್ಕ ತಲೆಯೆಣಿಕೆಯೂ ಬರುತ್ತದೆ, ಸಿಹಿ ಸಾಲುತ್ತದೆ. ಸಾಲದಿರುವುದು ಹೊತ್ತು. ಜೂನ್ ಒಂದರಂದು ಹೆಸರು ಕೂಗುವುದು ಮುಗಿಯುವ ಮೊದಲೇ ಸೈರನ್ ಆಗುತ್ತದೆ. ಪಟ್ಟಿಯ ಕೊನೆಯಲ್ಲಿರುವ ಕಚೇರಿಯವರು ಹೆಸರು ಕೂಗಿಸಿಕೊಳ್ಳದೆಯೇ ಬಟ್ಟಲು ಹಿಡಿದು ಓಡುತ್ತಾರೆ. ಅವರಲ್ಲಿ ನಳಿನಿಯೂ ಒಬ್ಬರು, ಅವರದೂ ಮಾಸ್ತರರು ಕೊಟ್ಟ ತಾರೀಖೇ. ಎಲ್ಲರ ಹುಟ್ಟುಹಬ್ಬ ಹುಡುಕಿ ಕೊಡುವ ಈಕೆಯ ಹೆಸರನ್ನು ಯಾರೂ ಒಮ್ಮೆಯೂ ಕೂಗಿಲ್ಲ ಎಂದು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು.

"ನಾ ಹುಟ್ಟಿದ್ದು ನಾಗರಪಂಚಮಿ ಮರುದಿನರಿ. ಉಂಡಿ ಇನ್ನೂ ಡಬ್ಬಿಯೊಳಗ ಇದ್ವು ಅಂತ ಅವ್ವ ಹೇಳ್ತಿದ್ಲು. ಪಂಚಮಿ ವರ್ಷಾ ತಾರೀಖು ಬದಲಸ್ತದ, ಕಂಪ್ಯೂಟರ್ ಅದನ್ನ ಒಳಗ ಬಿಟ್ಕೊಳ್ಳೂದಿಲ್ಲ."

ಈ ಸಲ ಪಂಚಮಿಯ ಮರುದಿನ ಕಾರ್ಖಾನೆಯಲ್ಲಿ ಯಾರ ಹುಟ್ಟುಹಬ್ಬವೂ ಇಲ್ಲ. ಅಂದು ಒಂದು ರವೆ ಉಂಡೆ ಕಟ್ಟಲು ಗಣಪತಿ ಒಪ್ಪಿದ್ದಾರೆ. ನಳಿನಿಯದು ಒಂದೇ ಷರತ್ತು.

"ಉಂಡಿ ಸಣ್ಣದಿದ್ರೂ ನಡೀತದರಿ. ಹೆಸರು ಮಾತ್ರ ಜೋರಾಗಿ ಕೂಗ್ಬೇಕು ಅಂದೀನಿ."