ಅಗುಳಿ ಎಳೆಯುವ ಮುಂಚಿನ ಕೂಗು

ನಮ್ಮ ಮನೆಯ ಹೆಬ್ಬಾಗಿಲಿಗೆ ಅಗುಳಿ ಎಳೆಯುವ ಮುಂಚೆ ಮನೆಯ ಹಿರಿಯ ಹೆಂಗಸು ಜಗಲಿಯ ತುದಿಗೆ ಬಂದು, ಅಂಗಳದಾಚೆ ಹರಿಯುವ ತೋಡಿನ ಕಡೆ ಮುಖ ಮಾಡಿ, ಮೂರು ಸಲ ಕೂಗಬೇಕು.

“ಹ್ವಾಯ್, ಬಪ್ಪೋರ್ ಯಾರಾರೂ ಇದ್ರ್ಯಾ?”

ಬರುವವರು ಯಾರಾದರೂ ಇದ್ದೀರಾ ಎಂದು ಕೂಗಿದ ಕೂಡಲೇ ಬಾಗಿಲು ಹಾಕುವ ಹಾಗಿಲ್ಲ. ತೋಡಿನಿಂದ ಹೊರಟವರಿಗೆ ಅಂಗಳ ದಾಟಿ ಜಗಲಿ ಹತ್ತಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯಬೇಕು. ಆಮೇಲೆ ಅಗುಳಿ. ಚಿಕ್ಕಂದಿನಲ್ಲಿ ನಾನು ಇದನ್ನು ಗದ್ದೆಯಿಂದ ತಡವಾಗಿ ಬರುವ ಆಳುಗಳಿಗಾಗಿ ಅಂದುಕೊಂಡಿದ್ದೆ. ಆಳುಗಳೆಲ್ಲ ಕೂಲಿ ಅಕ್ಕಿ ಕಟ್ಟಿಕೊಂಡು ಹೋದ ಮೇಲೂ ಅಜ್ಜಿ ಕೂಗುತ್ತಿದ್ದಳು. ಎಲ್ಲರ ಮನೆಯಲ್ಲೂ ಹೀಗೇ ಇರಬೇಕೆಂದು ನಾನು ಕೇಳಲು ಹೋಗಲಿಲ್ಲ.

ವಂಡ್ಸೆಯಿಂದ ಒಳಗೆ ಎರಡು ಮೈಲಿ ನಡೆದರೆ ನಮ್ಮ ಮನೆ. ಹೆಣ್ಣಿನ ಕಡೆಯಿಂದ ಮನೆತನ ನಡೆಯುವ ಅಳಿಯಕಟ್ಟಿನವರಾದ್ದರಿಂದ ಮದುವೆಯಾದ ಮೇಲೂ ನಾನು ತಾಯಿಮನೆಯಲ್ಲೇ ಉಳಿದೆ. ನಮ್ಮವರು ಬೊಂಬಾಯಿಯ ಹೋಟೆಲಿನಲ್ಲಿದ್ದು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ನನ್ನ ತಾಯಿ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿ ಇದ್ದವರು ತಾಯಿಯ ತಾಯಿ ಅಜ್ಜಿ, ಅವಳ ಮಗ ನಮ್ಮ ಮಾವ, ಮತ್ತೆ ನಾನು. ಯಜಮಾನಿಕೆ ಮಾವನದು. ಅಡುಗೆಮನೆ ನನ್ನದು.

ಅಜ್ಜಿಗೆ ಇನ್ನೊಂದು ಅಭ್ಯಾಸವಿತ್ತು. ತೋಡು ದಾಟಲು ಅಡ್ಡಲಾಗಿ ಉದ್ದದ ಒಂದೇ ಶಿಲೆಕಲ್ಲಿನ ಸಂಕ ಇತ್ತು. ಊರೆಲ್ಲ ಅದರ ಮೇಲೆ ನಡೆದು ಅದು ನುಣುಪಾಗಿತ್ತು. ಅಜ್ಜಿ ಮಾತ್ರ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಪಕ್ಕದಲ್ಲಿ ನೀರಿಗಿಳಿದು ದಾಟುತ್ತಿದ್ದಳು. ಮಳೆಗಾಲದಲ್ಲಿ ನೀರು ಏರಿದರೆ ಆಚೆ ದಡಕ್ಕೆ ಹೋಗುವುದೇ ಇಲ್ಲ. ಒಮ್ಮೆ ಜಾರಿ ಬಿದ್ದಿರಬೇಕು, ಹೆದರಿಕೆ ಎಂದು ಮಾವ ನಗುತ್ತಿದ್ದ.

ನಾವು ಮದರಾಸಿನವರು ಹೋಗಿ ಮೈಸೂರಿನವರಾದ ಒಂದೆರಡು ವರ್ಷಕ್ಕೆ ನಮ್ಮ ಶಾಲೆಗೆ ಸಾಲಿಗ್ರಾಮದ ಕಡೆಯ ಒಬ್ಬ ಮಾಷ್ಟ್ರು ಬಂದರು. ಊರಿನ ಚರಿತ್ರೆ ಬರೆಯಬೇಕೆಂಬುದು ಅವರ ಹುಚ್ಚು. ಶಾಲೆಯ ಒಂದು ಕೋಣೆ ಖಾಲಿ ಮಾಡಿಸಿ ಮನೆಮನೆಯಿಂದ ಹಳೆಯ ಸಾಮಾನು ತಂದಿಟ್ಟರು: ಓಲೆಗರಿಯ ಕಟ್ಟು, ಒಡೆದ ಕಂಚಿನ ದೀಪ, ಭತ್ತ ಅಳೆಯುವ ಕಳಸಿಗೆ, ಯಕ್ಷಗಾನ ಮೇಳದವರು ಬಿಟ್ಟುಹೋದ ಒಂದು ಕಿರೀಟ. ಕಲ್ಲು ಕಂಡರೆ ಮಾತ್ರ ಅವರ ಮುಖವೇ ಬೇರೆಯಾಗುತ್ತಿತ್ತು. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಂಟಿಸಿ, ಮೇಲೆ ಮಸಿಯುಂಡೆ ಒತ್ತುವರು. ಕಲ್ಲಿನಲ್ಲಿ ಉಬ್ಬಿದ್ದೆಲ್ಲ ಕಾಗದದ ಮೇಲೆ ಕಪ್ಪಾಗಿ ಏಳುತ್ತಿತ್ತು. ಮಸಿಗೆ ಬೇಕಾದ ದೀಪದ ಕಾಡಿಗೆ ನಮ್ಮ ಅಡುಗೆಮನೆಯಿಂದಲೇ ಹೋಗುತ್ತಿತ್ತು. ಅದಕ್ಕೆ ಎಣ್ಣೆ ಕಲಸಿ ಕೊಡುತ್ತಿದ್ದವಳೂ ನಾನೇ.

ಸುಗ್ಗಿ ಕಳೆದು ತೋಡಿನ ನೀರು ತಗ್ಗಿದಾಗ ಒಂದು ದಿನ ಮಾಷ್ಟ್ರು ಸಂಕದ ಹತ್ತಿರ ಕೂತರು. ಕಲ್ಲಿನ ಅಂಚಿನಲ್ಲಿ ಉಳಿಯ ಗುರುತು ಕಂಡಿತಂತೆ. ಬಗ್ಗಿ ಅಡಿಗೆ ಕೈ ಹಾಕಿದರು. ನಾನು ಸ್ವಲ್ಪ ಆಚೆ ಪಾತ್ರೆ ತೊಳೆಯುತ್ತಿದ್ದೆ. ಅವರು ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡದ್ದು ಕಂಡಿತು.

“ಎಂತ ಮಾಷ್ಟ್ರೇ, ಏಡಿ ಕಚ್ಚಿತಾ?”

“ಇಲ್ಲೆ,” ಎಂದರು. ಕಲ್ಲಿನ ಅಡಿಗೆ ತೋರಿಸಿ, “ಅಡಿಯಂಗೆ ಬೆರಳಿತ್ತ್,” ಎಂದರು.

ಮಾವನಿಗೆ ಹುರುಪು ಬಂತು. ಮರುದಿನ ಮಧ್ಯಾಹ್ನ ಎಂಟು ಜನ ಹಗ್ಗ ಹಾಕಿ, ಹಾರೆ ಕೊಟ್ಟು ಕಲ್ಲನ್ನು ಎಬ್ಬಿಸಿ, ಉರುಳೆ ಮೇಲೆ ಅಂಗಳಕ್ಕೆ ತಂದು ಒಟ್ಟಿಟ್ಟ ಹುಲ್ಲುಕುತ್ತರಿಗೆ ಆನಿಸಿದರು. ಕೆಸರು ತೊಳೆದಾಗ ಒಬ್ಬಳು ಹೆಂಗಸು ಕಂಡಳು. ಬಲಗೈ ಮೊಣಕೈಯಲ್ಲಿ ಮಡಚಿ ಮೇಲಕ್ಕೆತ್ತಿದ್ದಳು. ಕೈತುಂಬ ಬಳೆ. ಮೇಲೆ ಸೂರ್ಯ, ಚಂದ್ರ. ಮೇಲಿನ ಮೈ ಸವೆದಿದ್ದರೂ ನಡೆಯುವವರ ಕಾಲು ತಾಗದ ಅಡಿಯ ಮೈ ನಿನ್ನೆ ಕಡೆದ ಹಾಗಿತ್ತು.

“ಮಾಸ್ತಿಕಲ್ಲು!” ಎಂದರು ಮಾಷ್ಟ್ರು. “ಗಂಡನ ಚಿತೆ ಏರಿದ ಮಹಾಸತಿ. ಕೈಯೆತ್ತಿ ಊರನ್ನು ಹರಸುತ್ತಿದ್ದಾಳೆ.” ನಾಳೆ ಗಾಡಿ ತರಿಸಿ ಶಾಲೆಗೆ ಒಯ್ಯುವುದೆಂದೂ, ಪತಿವ್ರತೆ ಎಂದು ಹಲಗೆ ಬರೆದು ಹಾಕುವುದೆಂದೂ ಮಾತಾಯಿತು. ಆಳುಗಳು ಕೈಮುಗಿದರು. ಇಷ್ಟು ವರ್ಷ ಇವಳ ಬೆನ್ನ ಮೇಲೆ ನಡೆದೆವಲ್ಲ ಎಂದು ಒಬ್ಬ ತನ್ನ ಕಾಲನ್ನೇ ನೋಡಿಕೊಂಡ.

ಅಜ್ಜಿ ಜಗಲಿಯಿಂದ ಇಳಿಯಲಿಲ್ಲ. ಅಲ್ಲಿಂದಲೇ ಹೇಳಿದಳು. “ಹರಸುದಲ್ಲ ಮಾಷ್ಟ್ರೇ ಅದ್. ಬಾಗ್ಲ್ ಬಡುದ್.”

ಎಲ್ಲರೂ ನಕ್ಕರು. ಅಜ್ಜಿ ಒಳಗೆ ಹೋದಳು. ನಾನು ಹಿಂದೆಯೇ ಹೋದೆ.

ಒಲೆಯ ಹತ್ತಿರ ಕೂತು ಅಜ್ಜಿ ಹೇಳಿದ್ದು ಇಷ್ಟು. ಕಲ್ಲಿನಲ್ಲಿದ್ದವಳು ನಮ್ಮ ಮನೆಯ ಹೆಣ್ಣೇ. ಎಷ್ಟು ತಲೆಮಾರಿನ ಹಿಂದೆಯೋ, ತೋಡಿನ ಆಚೆಯ ಮನೆಗೆ ಕೊಟ್ಟಿದ್ದರು, ಗಂಡ ಇರುವಷ್ಟು ದಿನ ಅವಳು ಅಲ್ಲೇ ಇದ್ದಳು. ಗಂಡ ಸತ್ತ ದಿನ ಅವರು ಚಿತೆಗೆ ಎರಡು ಮೈಯ ಸೌದೆ ಒಟ್ಟಿದ್ದು ಕಂಡು ಮುಚ್ಚಂಜೆ ಹೊತ್ತಿಗೆ ತೋಡು ಹಾರಿ ತಾಯಿಮನೆಗೆ ಓಡಿಬಂದಳು. ಬಾಗಿಲಿಗೆ ಅಗುಳಿ ಬಿದ್ದಿತ್ತು. ಬಡಿದಳು. ಒಳಗೆ ಅವಳ ಅಣ್ಣನೇ ಅಗುಳಿ ಹಿಡಿದು ನಿಂತಿದ್ದ.

“ಮನೆ ಹೆಣ್ಣಿಂದ್. ಅಗುಳಿ ಗಂಡಿನ ಕೈಯಂಗೆ,” ಎಂದಳು ಅಜ್ಜಿ.

ಆಚೆ ಮನೆಯವರು ಅವಳನ್ನು ಹಿಂದಕ್ಕೆ ಒಯ್ದರು. ಆಮೇಲೆ ಅವರು ನಿಲ್ಲಿಸಿದ ಕಲ್ಲು ನಮ್ಮ ಬಾಗಿಲಿಗೆ ಸರಿಯಾಗಿ ಮುಖ ಮಾಡಿ ನಿಂತಿತ್ತಂತೆ. ದಿನಾ ನೋಡಲಾರದೆ ನಮ್ಮ ಗಂಡಸರೇ ಒಂದು ಬೇಸಿಗೆಯಲ್ಲಿ ಅದನ್ನು ಕೆಡವಿ, ಮಗುಚಿ, ಸಂಕ ಮಾಡಿದರು. ಅಂದಿನಿಂದ ಹೆಂಗಸರು ಕೂಗಲು ಸುರುಮಾಡಿದರು. ಇದನ್ನು ಅಜ್ಜಿಗೆ ಅವಳ ಅಬ್ಬಿ, ಎಂದರೆ ತಾಯಿ, ಹೇಳಿದ್ದು, ಗಂಡಸರಿಗೆ ಹೇಳಬಾರದೆಂದು ಹೇಳಿಯೇ.

“ನಂಗೆ ಸಾಯುಕೆ ಹೆದ್ರಿಕಿ ಇಲ್ಲೆ ಹೆಣ್ಣೇ,” ಎಂದಳು. “ನಾ ಹೋದ್ಮೇಲೆ ಆ ಹುಡ್ಗಿಗೆ ಇನ್ನೊಂದ್ಸಲ ಬಾಗ್ಲ್ ಹಾಕ್ತ್ರಿ ಅಂದೇಳಿ ಹೆದ್ರಿಕಿ.”

ನಾನು ಕೂಗುತ್ತೇನೆ ಎಂದೆ. ಅಷ್ಟು ಸಾಲದು ಎಂದು ಅಜ್ಜಿ ತಲೆಯಾಡಿಸಿದಳು. ಹಾಕಿದವನು ಗಂಡಸು, ತೆರೆಯಬೇಕಾದವನೂ ಅವನೇ ಎಂದಳು. ಅಂದೇ ಮೊದಲ ಬಾರಿಗೆ ಮಾವನನ್ನು ಒಳಗೆ ಕರೆದು ಅವನಿಗೂ ಹೇಳಿದಳು. ಕಲ್ಲನ್ನು ಒಯ್ಯಬೇಡ, ಒಯ್ದರೂ ಸುಳ್ಳು ಬರೆಸಬೇಡ, ನನ್ನ ನಂತರ ಈ ಬಾಗಿಲು ಕೂಗದೆ ಹಾಕುವುದಿಲ್ಲ ಎಂದು ಮಾತು ಕೊಡು ಎಂದಳು.

“ಅಬ್ಬಿ, ಮಾಷ್ಟ್ರ ಎದ್ರಂಗೆ ಮರ್ಯಾದಿ ತೆಗಿಬೇಡ,” ಎಂದು ಮಾವ ಹೊರಗೆ ಹೋದ. ಮಾತು ಕೊಡಲಿಲ್ಲ.

ಮಾಷ್ಟ್ರು ಸಂಜೆಯವರೆಗೆ ಕಾಗದ ತಟ್ಟಿದರು, ಮಸಿ ಒತ್ತಿದರು. ಆ ದಿನ ತಂಪು ಇತ್ತು, ಕಾಗದ ಒಣಗಲಿಲ್ಲ. ಬೆಳಿಗ್ಗೆ ಸುಲಿದು ತೆಗೆದರಾಯಿತು, ಕಲ್ಲಿನ ಮೇಲೆಯೇ ಇರಲಿ ಎಂದರು. ಕತ್ತಲಾಗುತ್ತಿದ್ದದ್ದರಿಂದ ಮಾವ ಅವರನ್ನು ಉಳಿಸಿಕೊಂಡ. ದೀಪ ಹಚ್ಚಿದ ಮೇಲೆ ಅಜ್ಜಿ ಜಗಲಿಗೆ ಹೊರಟಾಗ ಮಾವ ಎದ್ದು ಬಾಗಿಲಿಗೆ ಅಡ್ಡ ನಿಂತ. “ಇವತ್ತೊಂದಿನ ಬೇಡ,” ಎಂದು ತಾನೇ ಅಗುಳಿ ಎಳೆದ. ಮರ ಮರಕ್ಕೆ ಕೂತ ಆ ಸದ್ದು ನನಗೆ ಹೊಸದಾಗಿ ಕೇಳಿಸಿತು. ಅಜ್ಜಿ ಅವನ ಕೈಯನ್ನೇ ನೋಡುತ್ತಿದ್ದಳು. ನಾನು ಗಂಜಿ ಬಡಿಸಿದೆ, ಮಾಷ್ಟ್ರಿಗೆ ಮಾವಿನಮಿಡಿ ಹಾಕಿದೆ. ಅಜ್ಜಿ ಉಣ್ಣಲಿಲ್ಲ.

ಬೆಳಿಗ್ಗೆ ಅಂಗಳ ಗುಡಿಸಲು ನಾನೇ ಮೊದಲು ಬಾಗಿಲು ತೆಗೆದೆ. ಕುತ್ತಿಗೆಗೆ ತಣ್ಣಗೆ ಏನೋ ತಾಗಿತು. ಒದ್ದೆ ಕಾಗದ. ಕಲ್ಲಿನ ಮೇಲಿದ್ದದ್ದು ಬಾಗಿಲಿನ ಒಂದು ಕದದ ಹೊರಮೈಗೆ ಮಸಿಯ ಬದಿಯಿಂದಲೇ ಮೈಯಾನಿಸಿ ಅಂಟಿತ್ತು. ಮೇಲಿನ ಒಂದು ತುದಿ ಬಿಟ್ಟುಕೊಂಡು ಜೋಲುತ್ತಿತ್ತು.

ನಾನು ಕೂಗಿದೆನೋ ಏನೋ, ಎಲ್ಲರೂ ಬಂದರು. “ಗಾಳಿ,” ಎಂದ ಮಾವ. ಗಾಳಿಯೇ ಇರಬಹುದು. ಹುಲ್ಲುಕುತ್ತರಿಯಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆಯೂ ಇಲ್ಲ. ಆದರೆ ಕುತ್ತರಿಯ ಹುಲ್ಲು ಒಂದೆಳೆಯೂ ಅಂಗಳದಲ್ಲಿ ಬಿದ್ದಿರಲಿಲ್ಲ. ಗುಡಿಸಿದವಳು ನಾನೇ ಆದ್ದರಿಂದ ಹೇಳುತ್ತೇನೆ.

ಮಾಷ್ಟ್ರು ಮೆಲ್ಲಗೆ ಕಾಗದ ಸುಲಿದರು. ಎಣ್ಣೆಮಸಿ ಹಲಸಿನ ಹಲಗೆಗೆ ಇಳಿದು ಹೆಂಗಸಿನ ಪಡಿಯಚ್ಚು ಮೂಡಿತ್ತು. ಮಾಷ್ಟ್ರು ಅದನ್ನು ನೋಡುತ್ತ ನೋಡುತ್ತ ತಮ್ಮ ಬಲಗೈಯನ್ನು ಎತ್ತಿದರು, ಇಳಿಸಿದರು. ಮತ್ತೆ ನಮಗೆ ಬೆನ್ನು ಹಾಕಿ, ಬಾಗಿಲಿಗೆ ಮುಖ ಮಾಡಿ ನಿಂತು ಎತ್ತಿದರು. ಆಗ ನಮಗೂ ತಿಳಿಯಿತು. ಕಲ್ಲಿನಲ್ಲಿ ಅವಳು ನಮ್ಮ ಕಡೆ ನೋಡುತ್ತಿದ್ದಳು, ಎತ್ತಿದ ಬಲಗೈ ನಮ್ಮ ಎಡಕ್ಕಿತ್ತು. ಬಾಗಿಲಿನ ಮೇಲೆ ಆ ಕೈ ನಮ್ಮ ಬಲಕ್ಕಿತ್ತು. ಅಂದರೆ ಈಗ ಅವಳು ನಮಗೆ ಬೆನ್ನು ಹಾಕಿ, ಮನೆಯೊಳಗೆ ಮುಖ ಮಾಡಿ ನಿಂತಿದ್ದಳು. ಎತ್ತಿದ ಕೈ ಅಗುಳಿಯ ಮಟ್ಟಕ್ಕೇ ಇತ್ತು.

“ನಿನ್ನೆ ಕರಿಲಿಲ್ಲೆ ಅಲ್ದಾ,” ಎಂದಳು ಅಜ್ಜಿ. “ಹಾಂಗಾಯಿ ಬಡ್ದ್ಲ್.”

ಗಾಡಿ ಬಂದಿತ್ತು. ಅಜ್ಜಿಯಿಂದ ಕತೆ ಕೇಳಿಕೊಂಡು ಮಾಷ್ಟ್ರೇ ಅದನ್ನು ಹಿಂದಕ್ಕೆ ಕಳಿಸಿದರು. ಶಾಲೆಯ ಕೋಣೆಗೆ ಕಾಗದ ಮಾತ್ರ ಹೋಯಿತು. ಅದರ ಕೆಳಗೆ ಅವರು ‘ಮಾಸ್ತಿಕಲ್ಲಿನ ಪಡಿಯಚ್ಚು. ಕಲ್ಲು ತಾಯಿಮನೆಯ ಅಂಗಳದಲ್ಲಿದೆ’ ಎಂದಷ್ಟೇ ಬರೆದರು. ಕಲ್ಲನ್ನು ಅಂಗಳದ ತುದಿಯಲ್ಲಿ ನಿಲ್ಲಿಸಿದೆವು. ತೋಡಿಗೆ ಎರಡು ತೆಂಗಿನ ಕಾಂಡ ಹಾಕಿದರು. ಅಜ್ಜಿ ಮೊದಲ ಬಾರಿಗೆ ಸಂಕದ ಮೇಲೆ ನಡೆದು ಆಚೆ ಹೋಗಿ ಬಂದಳು.

ಬಾಗಿಲನ್ನು ನಾನು ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ, ಸೀಗೆ ಹಾಕಿ ತಿಕ್ಕಿದೆ. ಮೈ ಮಾಸಿತು, ಕೈ ಮಾಸಲಿಲ್ಲ. ನಮ್ಮವರು ಬೊಂಬಾಯಿಯಿಂದ ಬಂದಾಗ ಬಣ್ಣ ಹೊಡೆಸುತ್ತೇನೆ ಎಂದರು. ಮಾವ ಬೇಡ ಎಂದ.  ಆದರೂ ಅಜ್ಜಿಗೆ ಮಾತು ಕೊಟ್ಟಿರಲಿಲ್ಲ. ಅವಳು ಪ್ರತಿ ಸಂಜೆ ಕೂಗುವಾಗ ಅವನು ಆರಾಮಕುರ್ಚಿಯಲ್ಲಿ ಎಲೆಯಡಿಕೆ ಹಾಕುತ್ತ ಬೇರೆ ಕಡೆ ನೋಡುತ್ತಿದ್ದ.

ಹನ್ನೆರಡು ವರ್ಷ ಕಳೆದು, ಮೊನ್ನೆಮೊನ್ನೆಯ ಹಾಗಿದೆ, ಅಜ್ಜಿ ತೀರಿಕೊಂಡಳು. ಮಧ್ಯಾಹ್ನದೊಳಗೆ ಸುಟ್ಟು ಬಂದರು. ನೆಂಟರಿಗೆಲ್ಲ ಗಂಜಿ ಮಾಡಿ, ಪಾತ್ರೆ ಬೆಳಗಿ, ಅಳುವುದಕ್ಕೂ ಪುರಸೊತ್ತಿಲ್ಲದೆ ಸಂಜೆಯಾಯಿತು. ಎಲ್ಲರೂ ಹೋದ ಮೇಲೆ ನಾನು ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ, ಅಗುಳಿ ಎಳೆದೆ. ಎಳೆದ ಸದ್ದು ಕೇಳಿದ ಮೇಲೆ ನನಗೆ ನೆನಪಾಯಿತು. ಕೈ ಅಗುಳಿಯ ಮೇಲೆಯೇ ಇತ್ತು. ಹಲಗೆಯ ಆಚೆ, ನನ್ನ ಕೈಯ ಮಟ್ಟಕ್ಕೇ, ಆ ಕೈ ಇದೆ ಎಂಬುದು ಗೊತ್ತಿತ್ತು. ಅಗುಳಿ ತೆಗೆಯಲು ಧೈರ್ಯ ಬರಲಿಲ್ಲ.

ಹಿಂದಿನಿಂದ ಆರಾಮಕುರ್ಚಿ ಕಿರುಗುಟ್ಟಿತು. ಮಾವ ಎದ್ದು ಬಂದ. ನನ್ನ ಕೈ ಸರಿಸಿ ಅಗುಳಿ ಹಿಂದಕ್ಕೆ ತಳ್ಳಿದ, ಎರಡೂ ಬಾಗಿಲು ಪೂರ್ತಿ ತೆರೆದ. ಜಗಲಿಯ ತುದಿಗೆ ಹೋಗಿ ತೋಡಿನ ಕಡೆಗೆ ನಿಂತ. ಅಭ್ಯಾಸವಿಲ್ಲದ ಗಂಟಲು, ಮೊದಲ ಸಲ ಸ್ವರವೇ ಹೊರಡಲಿಲ್ಲ. ಕೆಮ್ಮಿದ.

“ಹ್ವಾಯ್, ಬಪ್ಪೋರ್ ಯಾರಾರೂ ಇದ್ರ್ಯಾ?”

ಮೂರು ಸಲ ಕೂಗಿದ. ಆಮೇಲೆ ಬಾಗಿಲಿನ ಬದಿಗೆ ಸರಿದು ನಿಂತ, ಬರುವವರಿಗೆ ದಾರಿ ಬಿಟ್ಟ ಹಾಗೆ. ನಾನೂ ಸರಿದು ನಿಂತೆ.