ಪಾತಣ್ಣನ ಜೇನು, ನನ್ನ ಬಾಯಿ

ಮೊನ್ನೆ ಬೆಳಿಗ್ಗೆ ಒಣಗಿದ ಬಟ್ಟೆ ತೆಗೆಯಲು ಮಹಡಿ ಹತ್ತಿದವನು ಒಂದು ಅಂಗಿಯನ್ನು ಮೂಗಿಗೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಡೀಸೆಲ್ ಹೊಗೆಯ ವಾಸನೆ. ಹಿಂದಿನ ಸಂಜೆ ನಮ್ಮ ಬೀದಿಯಲ್ಲಿ ಸೊಳ್ಳೆಗೆ ಹೊಗೆ ಬಿಟ್ಟಿದ್ದರು, ನಾನು ಬಟ್ಟೆ ಒಳಗೆ ತಂದಿರಲಿಲ್ಲ. ‘ನಾಳೆ ಹೊಗೆ ಇದೆ, ಬಟ್ಟೆಬರೆ ಒಳಗೆ ತೆಗೆದುಕೊಳ್ಳಿ’ ಎಂದು ಇಡೀ ಲೇಔಟಿಗೆ ವಾಟ್ಸಾಪಿನಲ್ಲಿ ಸಾರಿದವನು ಯಾರು ಅಂತೀರಿ? ನಾನೇ. ಸಂಘದ ಕಾರ್ಯದರ್ಶಿ! ನನ್ನಾಕೆ ನಗಲೂ ಇಲ್ಲ, “ಇನ್ನೊಂದ್ಸಲ ಒಗೀರಿ” ಅಂದು ಕೆಳಗಿಳಿದಳು. ಒಗೆಯುವುದಕ್ಕೇನು, ಒಗೆಯಬಹುದು. ಆದರೆ ಆ ವಾಸನೆ ಬಂದಾಗಲೆಲ್ಲ ನನಗೆ ಪಾತಣ್ಣನ ಜೇನು ನೆನಪಾಗುತ್ತದೆ. ನೆನಪಾದ ದಿನ ಮೈಯಲ್ಲಿ ಕಸುವೇ ಇರುವುದಿಲ್ಲ.

ಶಿರಾದಲ್ಲಿ ಹೆದ್ದಾರಿಯ ಕಡೆಗೆ ಹೊಸದಾಗಿ ಎದ್ದ ನಮ್ಮ ಲೇಔಟಿನಲ್ಲಿ ಪಾತಲಿಂಗಪ್ಪ ನನ್ನ ಪಕ್ಕದ ಮನೆಯವನು. ಎಲ್ಲರಿಗೂ ಪಾತಣ್ಣ. ಕರೆಂಟ್ ಕಂಬ ಹತ್ತಿ ಇಳಿದು ನಿವೃತ್ತನಾದ ಲೈನ್‌ಮ್ಯಾನ್. ಅವನಪ್ಪ ಕುರಿ ಕಾಯ್ದವನು, ಇವನೂ ನೌಕರಿ ಸಿಗುವ ತನಕ ಕುರಿಯ ಹಿಂದೆಯೇ ತಿರುಗಿದವನು. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಕುರಿ ಎಲ್ಲಿ ಕೂಡುವುದು? ಕೊಳಾಲದ ಬಾಮೈದನಿಂದ ಮೂರು ಜೇನುಪೆಟ್ಟಿಗೆ ತಂದು ಹಿತ್ತಲ ನುಗ್ಗೆಮರದ ಕೆಳಗಿಟ್ಟ. ಇರುವೆ ಹತ್ತದಂತೆ ಪೆಟ್ಟಿಗೆಗಳ ಕಾಲಿಗೆ ನೀರಿನ ಬಟ್ಟಲು. ಪೆಟ್ಟಿಗೆ ಎಂದು ಅವನು ಅದನ್ನು ಕರೆದದ್ದೇ ಇಲ್ಲ. ಕುರಿ ಕೂಡುವ ಬೇಲಿಗೆ ಅವರ ಕಡೆ ‘ರೊಪ್ಪ’ ಅನ್ನುತ್ತಾರೆ, ಇದೂ ರೊಪ್ಪವೇ. ಜೇನುನೊಣಗಳು ಅವನ ಮಂದೆ. ಸಂಜೆಯಾಯಿತೆಂದರೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ.

“ಏನ್ ಪಾತಣ್ಣ, ಹಾಜರಿ ಹಾಕ್ತಿದ್ದೀಯಾ?” ಎಂದು ನಾನು ಕಾಂಪೌಂಡಿನ ಮೇಲಿಂದ ರೇಗಿಸುತ್ತಿದ್ದೆ.

“ಹಾಜ್ರಿ ನಿಮ್ದು ಮೇಷ್ಟ್ರೇ. ನಾನು ಎಲ್ಲಾ ಬಂದವಾ ಅಂತ ನೋಡ್ತೀನಿ ಅಷ್ಟೇಯ. ಒಂದು ಹೊರಗಿದ್ರೂ ರೊಪ್ಪದ ಬಾಗ್ಲು ಹಾಕ್ಬಾರ್ದು ಅಂತ ನಮ್ಮಪ್ಪ ಹೊಡ್ದು ಹೊಡ್ದು ಕಲ್ಸವ್ನೆ.”

ಇನ್ನು ನನ್ನ ವಿದ್ಯೆಯನ್ನೂ ಹೇಳಬೇಕಲ್ಲ. ಐ.ಡಿ.ಹಳ್ಳಿಯಲ್ಲಿ ವರ್ಷಗಟ್ಟಲೆ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಹಲಗೆಯ ಮೇಲೆ ಜೇನಿನ ಆರು ಕಾಲು, ನಾಲ್ಕು ರೆಕ್ಕೆ ಬರೆದು ಬರೆದು ಸೀಮೆಸುಣ್ಣ ಸವೆಸಿದ್ದೇನೆ. ನಿಜದ ಜೇನು ಗುಂಯ್ ಅಂದರೆ ಪಂಚೆ ಎತ್ತಿಕೊಂಡು ಒಳಗೆ ಓಡುತ್ತಿದ್ದೆ. ಓಡಿದರೂ ಗತ್ತು ಬಿಡಬೇಕಲ್ಲ! ಸಂಘದ ಸಭೆಯಲ್ಲಿ ಯಾರೋ ‘ನಲ್ಲಿ ಹತ್ತಿರ ಜೇನು ಕೂರ್ತವೆ’ ಎಂದು ದೂರು ತಂದಾಗ ನಾನೆದ್ದು ಭಾಷಣ ಬಿಗಿದೆ. ರಾಣಿ ಆಜ್ಞೆ ಮಾಡುತ್ತಾಳೆ, ಉಳಿದವು ಕೇಳುತ್ತವೆ, ಎಂಥ ಶಿಸ್ತು, ಹಾಗೆ ಹೀಗೆ.

ಪಾತಣ್ಣ ಕೂತಲ್ಲಿಂದಲೇ ಅಂದ: “ಮೇಷ್ಟ್ರೇ, ರಾಣಿ ಯಾರ್ಗೂ ಏನೂ ಹೇಳಕಿಲ್ಲ. ಮೊಟ್ಟೆ ಇಕ್ಕಿ ಇಕ್ಕಿ ಸೋತೋಗಿರ್ತಾಳೆ ಪಾಪ. ಒಂದ್ಸಲನಾದ್ರೂ ಮುಚ್ಚಳ ತಗ್ದು ನೋಡಿದ್ದೀರಾ?”

ಸಭೆಗೆ ಸಭೆಯೇ ನಕ್ಕಿತು. ಅವನೂ ನಕ್ಕ. ಅವನ ನಗೆಯಲ್ಲಿ ಕುಹಕವಿರಲಿಲ್ಲ, ಅದು ನನಗೂ ಗೊತ್ತು. ಆದರೂ ನನ್ನ ಹೊಟ್ಟೆ ಉರಿದುಹೋಯಿತು.

ಅದೇ ಸಭೆಯಲ್ಲಿ ಒಂದು ಮಾತಾಯಿತು. ಜೇನು ಇರಲಿ, ಆದರೆ ಹೊಗೆ ಬಿಡುವ ಹಿಂದಿನ ದಿನವೇ ಕಾರ್ಯದರ್ಶಿ ಪಾತಣ್ಣನಿಗೆ ತಿಳಿಸಬೇಕು. ಕತ್ತಲಾಗಿ ಎಲ್ಲವೂ ಒಳಗೆ ಸೇರಿದ ಮೇಲೆ ಅವನು ಬಾಗಿಲು ಮುಚ್ಚುತ್ತಾನೆ, ಮಾರನೇ ದಿನ ಪೂರ್ತಿ ಒದ್ದೆ ಗೋಣಿಚೀಲ ಹೊದಿಸಿ ಇಡುತ್ತಾನೆ. ಎರಡು ಸಲ ಹಾಗೇ ನಡೆಯಿತು, ಒಂದು ನೊಣಕ್ಕೂ ಏನೂ ಆಗಲಿಲ್ಲ.

ಮೂರನೇ ಸಲ, ಈಗ್ಗೆ ಮೂರು ವರ್ಷದ ಕೆಳಗೆ, ಹೊಗೆ ಮಿಷಿನ್ನಿನವನು ನನಗೆ ಫೋನು ಮಾಡಿ “ನಾಳೆ ಸಂಜೆ ಬರ್ತೀನಿ ಸಾರ್” ಅಂದ. ಎಲ್ಲರಿಗೂ ವಾಟ್ಸಾಪ್ ಹಾಕಿದೆ. ಪಾತಣ್ಣನದು ಬಟನ್ ಫೋನು, ಬಾಯಲ್ಲೇ ಹೇಳಬೇಕು. ನಾಲ್ಕು ಹೆಜ್ಜೆ ದೂರ. ಹೋಗಲಿಲ್ಲ. ಮರೆತೆ ಎಂದು ಬರೆದುಬಿಡಲು ಈಗಲೂ ಕೈ ಹಾತೊರೆಯುತ್ತದೆ. ಮರೆತಿರಲಿಲ್ಲ ಕಣ್ರೀ. ಅಷ್ಟೆಲ್ಲ ತಿಳಿದವನಿಗೆ ನಾನೇನು ಹೇಳುವುದು, ನಾಳೆ ಹೇಳಿದರಾಯಿತು, ಸ್ವಲ್ಪ ಪರದಾಡಲಿ ಎಂದುಕೊಂಡೆ. ಪರದಾಡಲಿ ಎಂದಷ್ಟೇ. ಸಾಯಲಿ ಎಂದಲ್ಲ.

ಮರುದಿನ ಸಂಜೆ ಮೊದಲನೇ ಕ್ರಾಸಿನಲ್ಲಿ ಮಿಷಿನ್ ಸದ್ದು ಕೇಳಿದ ಮೇಲೆ ಕಾಂಪೌಂಡಿಗೆ ಹೋಗಿ ಕೂಗಿದೆ: “ಪಾತಣ್ಣ, ಹೊಗೆಯವನು ಬಂದ. ಈಗ್ತಾನೇ ಫೋನ್ ಬಂತು.”

ಬಿಸಿಲು ಇನ್ನೂ ಇತ್ತು, ನೊಣಗಳು ಇನ್ನೂ ಬರುತ್ತಿದ್ದವು. ಅವನು ಗೋಣಿಚೀಲ ನೆನೆಸಿಕೊಂಡು ಓಡಿಬಂದ. ಬಂದವನು ಪೆಟ್ಟಿಗೆಗಳ ಮುಂದೆ ಕೂತುಬಿಟ್ಟ.

“ಮುಚ್ಚೋ ಪಾತಣ್ಣ!”

“ಇನ್ನೂ ಬತ್ತಾ ಅವೆ ಮೇಷ್ಟ್ರೇ. ಒಂದೈದು ನಿಮ್ಷ ತಡೀರಿ ಅನ್ನಿ ಅವ್ನಿಗೆ.”

ಆ ಸದ್ದಿನಲ್ಲಿ ಯಾರು ಹೇಳಿದರೆ ಯಾರಿಗೆ ಕೇಳುತ್ತದೆ? ಬಿಳಿ ಹೊಗೆ ಗೋಡೆ ದಾಟಿ ಬಂತು. ಪಾತಣ್ಣ ಎರಡು ಪೆಟ್ಟಿಗೆಯ ಬಾಯಿಗೆ ಗೋಣಿಚೀಲ ಇಳಿಬಿಟ್ಟು, ಮೂರನೆಯದಕ್ಕೆ ಹೆಗಲ ಟವಲನ್ನು ಅಡ್ಡ ಹಿಡಿದು ಕೆಮ್ಮುತ್ತ ಕೂತಿದ್ದ, ನೊಣ ಬಂದಾಗಲೆಲ್ಲ ಅವನ್ನು ಸರಿಸಿ ಒಳಗೆ ಬಿಡುತ್ತಿದ್ದ. ಅವುಗಳ ಜೊತೆ ಹೊಗೆಯೂ ಒಳಗೆ ಹೋಯಿತು.

ಬೆಳಿಗ್ಗೆ ಅವನು ಸತ್ತ ಜೇನನ್ನು ಮೊರಕ್ಕೆ ಬಾಚುತ್ತಿದ್ದ. ಒಂದು ಪೆಟ್ಟಿಗೆ ಪೂರ್ತಿ ಹೋಗಿತ್ತು, ಉಳಿದೆರಡು ಅರ್ಧಂಬರ್ಧ. ನನ್ನನ್ನು ನೋಡಿ, “ನಂದೇ ತಪ್ಪು ಮೇಷ್ಟ್ರೇ. ಹತ್ತು ಹೊರಗುಳುದ್ರೆ ಉಳೀಲಿ ಅಂತ ಬಾಗ್ಲು ಹಾಕ್ಬೇಕಿತ್ತು. ನಮ್ಮಪ್ಪನ ಮಾತು ಕಟ್ಕಂಡು ಮಂದೇನೇ ಕೊಂದ್ಬುಟ್ಟೆ” ಅಂದ.

ನಾನೇನು ಅಂದೆ ಗೊತ್ತೇ? “ಬಿಡು ಪಾತಣ್ಣ, ನಿನ್ನ ಕೈಲಿ ಏನಿತ್ತು.” ಥೂ, ನನ್ನ ಜನ್ಮಕ್ಕಿಷ್ಟು!

ವಾರದೊಳಗೆ ಉಳಿದ ಎರಡು ಪೆಟ್ಟಿಗೆ ಲಗೇಜ್ ಆಟೋದಲ್ಲಿ ಕೊಳಾಲಕ್ಕೆ ವಾಪಸ್ಸು ಹೋದವು. “ನನ್ ಕೈ ಸರಿ ಇಲ್ಲ” ಅಂದ. ಮಗಳು ನಾಯಿಮರಿ ತಂದುಕೊಟ್ಟರೆ ಅದೇ ಮಾತು ಹೇಳಿ ಹಿಂದಕ್ಕೆ ಕಳಿಸಿದ. ಸಂಜೆಯಾದರೆ ಹಿತ್ತಲಿಗೆ ಬರುವುದನ್ನೇ ಬಿಟ್ಟು ಟೀವಿ ಮುಂದೆ ಕೂತ. ನಾನು ಮೂರು ವರ್ಷ ಗೋಡೆಯ ಈಚೆಯಿಂದ ಅದನ್ನೆಲ್ಲ ನೋಡಿದೆ. ಕಾಫಿಗೆ ಕರೆದೆ, ಹಬ್ಬಕ್ಕೆ ಒಬ್ಬಟ್ಟು ಕಳಿಸಿದೆ, ಹೇಳಬೇಕಾದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ನಿಜ ಹೇಳುತ್ತೇನೆ, ಸುಸ್ತಾಗಿ ಹೋಗಿತ್ತು.

ಮೊನ್ನೆ ಆ ಅಂಗಿಯನ್ನು ಬಕೀಟಿಗೆ ಹಾಕಿ ನೇರ ಅವನ ಮನೆಗೆ ನಡೆದೆ.

“ಪಾತಣ್ಣ, ಅವತ್ತು ಹೊಗೆಯವನ ಫೋನು ಆಗ ಬಂದದ್ದಲ್ಲ. ಹಿಂದಿನ ದಿನವೇ ಬಂದಿತ್ತು.”

ಅವನು ಟೀವಿ ಆರಿಸಿದ. “ಮತ್ಯಾಕೆ ಹೇಳ್ಲಿಲ್ಲ?”

“ಮೀಟಿಂಗಲ್ಲಿ ನಿನ್ನ ಮಾತಿಗೆ ಎಲ್ಲರೂ ನನ್ನ ನೋಡಿ ನಕ್ಕರಲ್ಲ. ಅದಕ್ಕೆ.”

ಮೂರು ವರ್ಷ ಹೊತ್ತ ಮಾತು, ಬಾಯಿಂದ ಹೊರಗೆ ಬಿದ್ದಾಗ ಇಷ್ಟೇ ಇತ್ತು. ಅವನು ತನ್ನ ಅಂಗೈ ನೋಡಿಕೊಂಡ.

“ಜೇನು ಹೋದ್ರೆ ಹೋಗ್ಲಿ ಮೇಷ್ಟ್ರೇ. ಮೂರು ವರ್ಸ ನನ್ ಕೈನ ನಾನೇ ನಂಬ್ಲಿಲ್ಲ. ಅದ್ನೂ ನೋಡ್ಕಂಡು ಸುಮ್ಕಿದ್ರಲ್ಲ ನೀವು?”

“ತಪ್ಪಾಯ್ತು” ಅಂದೆ.

“ಎದ್ದೋಗಿ. ನಿಮ್ ಮಖ ನೋಡಕಾಗಕಿಲ್ಲ ನಂಗೀಗ.”

ಎದ್ದು ಬಂದೆ. ಎದೆ ಹಗುರಾಗುತ್ತದೆ ಎನ್ನುತ್ತಾರಲ್ಲ, ನನಗೇನೂ ಹಾಗಾಗಲಿಲ್ಲ. ಬಕೀಟಿನಲ್ಲಿದ್ದ ಅಂಗಿ ಒಗೆದು ಹಾಕಿದೆ, ಅಷ್ಟೇ.

ಇವತ್ತು ಬೆಳಿಗ್ಗೆ ಗಿಡಕ್ಕೆ ನೀರು ಹಾಕುತ್ತಿದ್ದಾಗ ಪಕ್ಕದ ಹಿತ್ತಲಲ್ಲಿ ಅವನ ದನಿ ಕೇಳಿತು. ಬಾಮೈದನಿಗೆ ಫೋನು. “ಲೇ, ಒಂದು ರೊಪ್ಪ ಕಳ್ಸಲಾ. ಊ ಕಣ್ಲಾ, ನಾನೇ ನೋಡ್ಕತೀನಿ. ನನ್ ಕೈಗೇನಾಗೈತೆ?” ಎನ್ನುತ್ತಿದ್ದ. ಅಷ್ಟರಲ್ಲಿ ತಿರುಗಿದವನು ನನ್ನನ್ನು ನೋಡಿದ. ಫೋನಿಗೆ ಮಾತ್ರ ದನಿ ಏರಿಸಿ ಹೇಳಿದ:

“ಹೊಗೆ ಭಯ ಇಲ್ಲ ಕಣ್ಲಾ ಈಗ. ಮಿಷಿನ್ನೋನ ನಂಬ್ರು ನಾನೇ ಇಸ್ಕಂಡಿವ್ನಿ. ಇನ್ಮೇಲೆ ಯಾರೂ ಬಂದು ಹೇಳೋದೇನ್ ಬ್ಯಾಡ.”

ಸರಿಯಾಗಿಯೇ ಮಾಡಿದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.